ಗಂಟಿನ ಕೆಳಗಿನ ಚಿಗುರು

ವೈನಿ,

ನಿನಗೆ ಬೈಯಬೇಕೆಂದೇ ಈ ಕಾಗದ ಹಿಡಿದು ಕೂತಿದ್ದೇನೆ. ಕ್ಷೇಮ ಕೇಳುವುದಿಲ್ಲ. ಹೋದವರ ಕ್ಷೇಮ ಹೇಗೆ ಕೇಳಬೇಕೋ ನನಗೆ ಗೊತ್ತಿಲ್ಲ, ನಮ್ಮ ಕ್ಷೇಮ ಹೇಳಿಕೊಳ್ಳುವಂಥದ್ದೂ ಅಲ್ಲ. ಶಿವರಾತ್ರಿ ಆಯಿತು. ಕಲಬುರಗಿಯ ಬಿಸಿಲು ಮುಂಜಾನೆಗೇ ನೆತ್ತಿ ಸುಡುತ್ತಿದೆ. ಹಿತ್ತಲಲ್ಲಿ ಅಗಿ ಹಾಕುವ, ಸಸಿಗೆ ಬೀಜ ಬಿತ್ತುವ ಹೊತ್ತು ಬಂತು. ಸೋರೆ ಬುರುಡೆಯಿಂದ ಬೀಜ ನನ್ನ ಮುಂದೆ ಸುರಿದು "ಏಳ ಗೋದಾ, ಎಷ್ಟೊತ್ತು ಜಪಾ ಮಾಡ್ತೀ, ದೇವರಿಗೂ ಬ್ಯಾಸರಾಗ್ತದ" ಎಂದು ಗದರುವವಳು ಇಲ್ಲ. ಇದು ಅಣ್ಣನ ಕಚೇರಿಯ ರದ್ದಿ ಕಾಗದ, ಬೆನ್ನಿಗೆ ಉರ್ದು ಬರಹವಿದೆ. ಈ ಕಡೆ ನೀನು ಕಲಿಸಿದ ಕನ್ನಡ. ಅಕ್ಷರ ಸೊಟ್ಟಗಿದ್ದರೆ ನಗಬೇಡ. ಕಲಿಸಿದವಳನ್ನು ಅನ್ನಬೇಕು.

ನೀನು ಅಣ್ಣನ ಕೈ ಹಿಡಿದು ಕಮಲಾಪುರದಿಂದ ಮೊದಲ ಸಲ ನಮ್ಮ ಮನೆಗೆ ಬಂದ ದಿನ ನೆನಪಿದೆಯೇ? ಬಂಡಿಯಿಂದ ಹಿತ್ತಾಳೆ ಕೊಡ ಇಳಿಯಿತು, ಟ್ರಂಕು ಇಳಿಯಿತು, ನಿಮ್ಮೂರ ಕೆಂಪು ಬಾಳೆಯ ಗೊನೆ ಇಳಿಯಿತು. ಕೊನೆಗೆ ಒಂದು ಬುಟ್ಟಿ ಕೆಂಪು ಮಣ್ಣು. ಅದರಲ್ಲಿ ಎಂಥವೋ ಒಣಕಲು ಕಡ್ಡಿಗಳನ್ನು ಚುಚ್ಚಿದ್ದೆ. ಅವ್ವ ಸೆರಗು ಬಾಯಿಗಿಟ್ಟುಕೊಂಡು "ಯವ್ವಾ, ನಮ್ಮೂರಾಗ ಮಣ್ಣಿಗೇನು ಬರ ಬಂದದ?" ಅಂದಳು. ಹೊಸ ಸೊಸೆ ತಲೆ ತಗ್ಗಿಸಿ ನಿಲ್ಲಬೇಕಿತ್ತು. ನೀನು, "ನಿಮ್ಮೂರಿನ ಕರಿ ಎರಿ ಮಣ್ಣು ಜ್ವಾಳಕ್ಕ ಛಲೋ ರೀ ಅತ್ಯಾ. ಗುಲಾಬಿಗಿ ಅಲ್ಲ. ಮಳಿಗಾಲದಾಗ ನೀರು ನಿಂತು ಬೇರು ಕೊಳೀತದ, ಬ್ಯಾಸಗ್ಯಾಗ ಬಿರಿದು ಬೇರು ಹರೀತದ" ಅಂದೆ. ಓಣಿಯ ಹೆಂಗಸರೆಲ್ಲ ಕಿವಿಯಾಗಿದ್ದರು. ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತು, ಈ ಮನೆಯಲ್ಲಿ ಇವಳ ಗತಿ ಏನು ಎಂದುಕೊಂಡೆ. ಆವತ್ತು ಸಂಜೆ "ವೈನಿ, ನೀವು ಉಂಡ್ರೇನ್ರಿ" ಎಂದು ಕೇಳಿದ್ದಕ್ಕೆ "ನಿನಗಿಂತ ಸಣ್ಣಾಕಿ ನಾನು. ರೀ ಗೀ ಅಂದ್ರ ನಾ ಮಾತೇ ಆಡಂಗಿಲ್ಲ ನೋಡು" ಎಂದು ಹೆದರಿಸಿದೆ. ಅಂದಿನಿಂದ ನಾನು ನಿನ್ನನ್ನು ಏಕವಚನದಲ್ಲೇ ಕರೆದೆ. ಅವ್ವ ಅದಕ್ಕೂ ಬೈದಳು.

ಹಿತ್ತಲು ಆಗ ಏನಿತ್ತು? ಒಂದು ಬೇವಿನ ಮರ, ಬಾವಿ, ತುಳಸಿಕಟ್ಟೆ, ಬಚ್ಚಲ ನೀರಿನ ರಾಡಿ. ನೀನು ಆ ನೀರಿಗೆ ಕಾಲುವೆ ತೋಡಿದೆ. ಗೋಡೆಯುದ್ದಕ್ಕೂ ಗೊರಟಿ ಹಚ್ಚಿದೆ, ಮೂಲೆಗೆ ಹಳದಿ ಹೂವಿನ ತಂಗಡಿ ಹಚ್ಚಿದೆ, ಬಾವಿಯ ಬದಿಗೆ ದವನ, ಮರುಗ. "ಬೇಲ್ಯಾಗ ಬೆಳಿಯೋವೆಲ್ಲ ಮನಿಗಿ ತಂದಾಳ" ಎಂದು ಅವ್ವ ಹೊರಗೆ ಹೋಗಿ ಹೇಳಿಕೊಂಡು ಬಂದಳು. "ಅವು ಈ ಬಿಸಿಲಾಗೇ ಹುಟ್ಟಿದ್ವು ರೀ, ಯಾರ ಕಾಲೂ ಹಿಡಿಯಂಗಿಲ್ಲ" ಎಂದು ನೀನು ಮಣ್ಣಿನ ಕೈ ಕೊಡವಿದೆ. ಆ ವರ್ಷ ಮೊದಲ ಸಲ ನಮ್ಮ ಮನೆಯ ದೇವರಿಗೆ ನಮ್ಮ ಹಿತ್ತಲ ಹೂವು ಏರಿತು.

ಒಂದು ದಿನ ನೀನು ಒಡೆದ ಮಡಕೆಗಳನ್ನೆಲ್ಲ ಬೇವಿನ ನೆರಳಿಗೆ ಸಾಲಾಗಿ ಇಟ್ಟು, ಬೂದಿ ಬೆರೆಸಿದ ಬೀಜ ನನ್ನ ಅಂಗೈಗೆ ಸುರಿದೆ. ಚೆಂಡು ಹೂವಿನದು, ಸೇವಂತಿಗೆಯದು, ಬದನೆಯದು. ನಾನು ಕೈ ಹಿಂದೆಳೆದುಕೊಂಡೆ. ಆಡುವ ವಯಸ್ಸಿಗೆ ಮದುವೆಯಾಗಿ, ಗಂಡನ ಮುಖ ಸರಿಯಾಗಿ ನೋಡುವ ಮೊದಲೇ ಅವನನ್ನು ಕಳಕೊಂಡು, ತಲೆ ಬೋಳಿಸಿಕೊಂಡು ತವರಿಗೆ ಬಂದು ಕೂತವಳು ನಾನು. ಹೂವಿನ ಬುಟ್ಟಿ ಮನೆಗೆ ಬಂದರೆ ಎದ್ದು ಒಳಗೆ ಹೋಗುವ ರೂಢಿ ನನಗೆ ಯಾರೂ ಹೇಳದೆಯೇ ಬಂದಿತ್ತು. ನೀನು ನನ್ನ ಕೈ ಹಿಡಿದೆಳೆದು, "ಮುಡೀಬ್ಯಾಡ ಅಂದಾರ. ಬೆಳೀಬ್ಯಾಡ ಅಂತ ಯಾರು ಹೇಳ್ಯಾರ? ಕರಕೊಂಡು ಬಾ ಅವರಿಗಿ, ನಾ ಕೇಳ್ತೀನಿ" ಅಂದೆ. ನಾನು ಬಿತ್ತಿದೆ. ರೂಢಿಯಿಲ್ಲದ ಕೈ, ಬೀಜ ಒಂದೇ ಕಡೆ ಗುಂಪಾಗಿ ಬಿತ್ತು. ಕೆಲವು ದಿನಕ್ಕೆ ಅಲ್ಲೇ ಗುಂಪಾಗಿ ಮೊಳೆಯಿತು. ಆ ಹಸಿರನ್ನು ನೋಡಿ ನಾನು ಯಾಕೆ ಅತ್ತೆ ಎಂದು ನೀನು ಕೇಳಲಿಲ್ಲ, ಒಳ್ಳೆಯದು ಮಾಡಿದೆ.

ಚೆಂಡು ಹೂ ಅರಳಿದಾಗ ಮಾಡಿದ ಹುಡುಗಾಟ ನೆನಪಿದೆಯೇ? ಒಂದು ಹೂ ಕಿತ್ತು ನನ್ನ ಕಿವಿಯ ಮೇಲೆ ಸಿಕ್ಕಿಸಿ, "ತಲ್ಯಾಗ ಕೂದಲಿಲ್ಲ ಖರೆ, ಕಿವಿ ಅದಲ್ಲ! ಸಾಹೇಬರ ಬಂಗಲೆ ಮಾಲಿ ಹೀಂಗೇ ಇಡ್ತಾನ" ಎಂದು ಬಿದ್ದು ಬಿದ್ದು ನಕ್ಕೆ. ನಾನೂ ನಕ್ಕೆ. ಎಷ್ಟು ವರ್ಷಕ್ಕೆ ನಕ್ಕಿದ್ದೆನೋ. ಅಷ್ಟರಲ್ಲಿ ಅವ್ವ ಬಂದಳು. ಆಮೇಲೆ ಆಗಿದ್ದು ಬರೆಯುವುದು ಬೇಡ. ನಿನಗೂ ಮಧ್ಯಾಹ್ನದ ಊಟ ಸಿಗಲಿಲ್ಲ, ನನಗೂ ಸಿಗಲಿಲ್ಲ.

ಗುಲಾಬಿಯ ಕತೆ ಮಾತ್ರ ಅಣ್ಣನಿಂದ ಶುರುವಾಯಿತು. ಕಚೇರಿ ಬಿಟ್ಟರೆ ಮನೆ, ಮನೆ ಬಿಟ್ಟರೆ ಕಚೇರಿ ಎನ್ನುವ ನಮ್ಮ ಅಣ್ಣ, ಯಾರ ಮುಂದೂ ನಿನ್ನನ್ನು ತಲೆ ಎತ್ತಿ ನೋಡದವನು, ಒಂದು ಸಂಜೆ ಬಾಗಿಲು ಓರೆ ಮಾಡಿ ತಲೆಯ ರುಮಾಲು ಬಿಚ್ಚಿದ. ಒಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಕಡ್ಡಿ. ಅವನ ಕಚೇರಿಯ ಸಾಹೇಬರ ಬಂಗಲೆಯ ಕಡುಕೆಂಪು ಗುಲಾಬಿ! ಆ ಬಟ್ಟೆಯ ನೀರು ಅವನ ಹಣೆಯ ಮೇಲೆ ಇಳಿಯುತ್ತಿತ್ತು. "ಮಾಲಿ ಕತ್ತರಿಸಿ ಒಗೆದಿದ್ದ, ಬಿದ್ದಿತ್ತು, ತಂದೆ" ಎಂದು ಗೋಡೆಗೆ ಹೇಳುವವನ ಹಾಗೆ ಹೇಳಿದ. ನೀನು ನಗು ತಡೆದುಕೊಂಡ ರೀತಿ ಈಗಲೂ ಕಣ್ಣ ಮುಂದಿದೆ.

ಮರುದಿನ ಮುಂಜಾನೆ ನೀನು ನನ್ನನ್ನು ಕೂರಿಸಿಕೊಂಡು ಕಲಿಸಿದೆ. ಬಾರಿ ಹಣ್ಣಿನ ಗಿಡಕ್ಕೆ ನಿಮ್ಮಪ್ಪ ಕಣ್ಣು ಕೂಡಿಸಿ ಕಸಿ ಮಾಡುವುದನ್ನು ನೋಡಿ ಕಲಿತದ್ದಂತೆ. ಕಮಲಾಪುರದಿಂದ ತಂದ ಬೇಲಿ ಗುಲಾಬಿ ಅಷ್ಟರಲ್ಲಿ ಬೇರು ಬಿಟ್ಟು ಹೆಬ್ಬೆರಳ ದಪ್ಪವಾಗಿತ್ತು. ಅದರ ತೊಗಟೆ ಸೀಳಿ, ಸಾಹೇಬರ ಗುಲಾಬಿಯ ಕಡ್ಡಿಯಿಂದ ಬಿಡಿಸಿದ ಚಿಗುರೊಡೆಯುವ ಕಣ್ಣನ್ನು ಒಳಗೆ ಸರಿಸಿ, ಬಾಳೆಯ ನಾರಿನಿಂದ ಸುತ್ತಿ ಗಂಟು ಹಾಕಿದೆ. "ನೆಲದಾಗಿಂದು ನಮ್ಮದು, ಮ್ಯಾಲಿಂದು ಸರಕಾರದ್ದು" ಎಂದು ಕಣ್ಣು ಮಿಟುಕಿಸಿದೆ. ಅದು ಹತ್ತಿಕೊಂಡ ಮೇಲೆ ಹೇಳಿದ್ದು ಒಂದೇ ಮಾತು: "ಗಂಟಿನ ಕೆಳಗ ಏನೇ ಚಿಗುರಲಿ, ಮುಖ ನೋಡದೇ ತಗದು ಒಗೀಬೇಕು. ಅದು ಬೇಲಿ ಗಿಡದ ಚಿಗುರು, ಅದಕ್ಕ ಹಸಿವು ಭಾಳ. ಬಿಟ್ರ ಮ್ಯಾಲಿಂದು ಉಪವಾಸ ಬಿದ್ದು ಸಾಯ್ತದ." ವಾರಕ್ಕೊಮ್ಮೆ ಆ ಸಣ್ಣ ಚೂರಿ ಹಿಡಿದು ಬಗ್ಗಿ ನೋಡುವುದು ನನ್ನ ಕೆಲಸವಾಯಿತು. ಆ ಗಿಡ ಬಿಟ್ಟ ಕೆಂಪು ಹೂವಿಗೆ ಓಣಿಯೇ ಬಂದು ಮೂಗಿನ ಮೇಲೆ ಬೆರಳಿಟ್ಟುಕೊಂಡಿತು.

ಇನ್ನು ಆ ಪ್ಲೇಗಿನ ಮಾತು. ಬರೆಯದಿದ್ದರೆ ಮುಂದಿನದು ಬರೆಯಲಾಗದು. ನಮ್ಮ ಓಣಿಯಲ್ಲಿ ಇಲಿ ಸತ್ತು ಬಿದ್ದವು. ಎಲ್ಲರ ಹಾಗೆ ನಾವೂ ಮನೆಗೆ ಕೀಲಿ ಹಾಕಿ ತಾಜಸುಲ್ತಾನಪುರದ ಕಡೆ ಹೊಲದಲ್ಲಿ ಜೋಪಡಿ ಹಾಕಿಕೊಂಡೆವು. ಹಿತ್ತಲಲ್ಲಿ ನನ್ನ ಮಡಕೆಗಳ ಅಗಿ ಆಗತಾನೇ ಎರಡೆಲೆ ಬಿಟ್ಟಿತ್ತು. ನಾನು ಬಾಯಿ ಬಿಡಲಿಲ್ಲ. ಜೀವಕ್ಕಿಂತ ಹೆಚ್ಚಿನದೇ ಅದು? ನೀನೂ ಅಗಿಯ ಮಾತು ಎತ್ತಲಿಲ್ಲ, ಜಾಣೆ! "ಅತ್ಯಾ, ತುಳಸಿ ಒಣಗ್ತದ್ರಿ" ಅಂದೆ ಅಷ್ಟೆ. ತುಳಸಿ ಒಣಗಲಿ ಎಂದು ಅವ್ವ ಹೇಗೆ ಹೇಳಿಯಾಳು? "ಬ್ಯಾಗ ಹೋಗಿ ಬ್ಯಾಗ ಬಾ, ಒಳಗ ಕಾಲಿಡಬ್ಯಾಡ" ಅಂದಳು. ಅಣ್ಣ ಊರಲ್ಲಿರಲಿಲ್ಲ, ಕಚೇರಿಯ ಕೆಲಸಕ್ಕೆ ಹೋಗಿದ್ದ. ನೀನು ದಿನಾ ಮುಂಜಾನೆ ಹೋದೆ. ಬಂದು ನನ್ನ ಕಿವಿಯಲ್ಲಿ "ನಾಕೆಲಿ ಆಗ್ಯಾವ ಗೋದಾ" ಎನ್ನುತ್ತಿದ್ದೆ. ಯಾರು ಹೇಳಿದ್ದರು ನಿನಗೆ? ನಾನು ಕೇಳಿದ್ದೆನೇ? ಎರಡು ಬೊಗಸೆ ಸಸಿಗೆ... ನಿನ್ನ ಬುದ್ಧಿಗಿಷ್ಟು. ಒಂದು ಸಂಜೆ ಬಂದವಳು ಕಂಕುಳು ಒತ್ತಿಕೊಂಡು ಮಲಗಿದೆ. ಜ್ವರದಲ್ಲಿ ನೀನು ಯಾರನ್ನೂ ಕರೆಯಲಿಲ್ಲ. ಮಡಕೆಗಳನ್ನು ನೆರಳಿಗೆ ಸರಿಸು ಎಂದು ಮಾತ್ರ ಗೊಣಗಿದೆ. ಅಣ್ಣ ಬರುವಷ್ಟರಲ್ಲಿ ನಿನ್ನನ್ನು ಒಯ್ದಾಗಿತ್ತು.

ಮಳೆ ಬಿದ್ದ ಮೇಲೆ ಮನೆಗೆ ಬಂದೆವು. ಅಗಿ ಎಲ್ಲ ಸುಟ್ಟು ಮಡಕೆಗೆ ಅಂಟಿಕೊಂಡಿತ್ತು. ಗೊರಟಿ ಇತ್ತು, ತಂಗಡಿ ಇತ್ತು, ತುಳಸಿ ಕಡ್ಡಿಯಾಗಿತ್ತು. ಗುಲಾಬಿ ಬದುಕಿತ್ತು. ಗಂಟಿನ ಕೆಳಗೆ ಚಿಗುರೂ ಬಂದಿತ್ತು. ನಾನು ಚೂರಿ ತಂದೆ. ಅಣ್ಣ ಎಲ್ಲಿದ್ದನೋ, ಓಡಿ ಬಂದು ನನ್ನ ಕೈ ಹಿಡಿದ. "ಈ ಗಿಡಕ್ಕ ಯಾರೂ ಚೂರಿ ಹಚ್ಚಬಾರದು. ಅಕಿ ಹ್ಯಾಂಗ ಬಿಟ್ಟು ಹೋಗ್ಯಾಳ ಹಾಂಗೇ ಇರ್ಲಿ."

"ಅಣ್ಣಾ, ಗಂಟಿನ ಕೆಳಗಿಂದು ತಗೀಬೇಕು. ವೈನೀನೇ ಹೇಳ್ಯಾಳ."

"ಕಡಿಯೋ ಮಾತು ಆಡಬ್ಯಾಡ ನನ್ನ ಮುಂದ."

ಅವನ ಮುಖ ನೋಡಿ ನಾನು ಚೂರಿ ಒಳಗಿಟ್ಟೆ. ಆಮೇಲೂ ಕೇಳಿದೆ, ಜಗಳವಾಡಿದೆ, ಉಪವಾಸ ಕೂತೆ. ಅವನು ಒಪ್ಪಲಿಲ್ಲ. ಹಿಂದೆ ಎಂದೂ ಒಂದು ಚೆಂಬು ನೀರು ಸೇದದವನು ದಿನಾ ಮುಂಜಾನೆ ಬಾವಿಯಿಂದ ಕೊಡ ಎತ್ತಿ ಆ ಬುಡಕ್ಕೆ ಸುರಿದು, ಅಲ್ಲೇ ನಿಂತು, ಆಮೇಲೆ ಕಚೇರಿಗೆ ಹೋಗುತ್ತಿದ್ದ. ಆ ನೀರೆಲ್ಲ ಬೇಲಿ ಗಿಡವೇ ಕುಡಿಯಿತು. ದೀಪಾವಳಿಯ ಹೊತ್ತಿಗೆ ಗಂಟಿನ ಮೇಲಿನ ಕಡ್ಡಿ ಕಂದಿತು, ಆಮೇಲೆ ಕಪ್ಪಾಯಿತು. ಸುತ್ತ ಅಷ್ಟು ಹಸಿರು ಹಬ್ಬಿತ್ತು, ನನ್ನ ಹೊರತು ಆ ಸತ್ತ ಕಡ್ಡಿಯನ್ನು ಯಾರೂ ನೋಡಲಿಲ್ಲ.

ಮಾಘದಲ್ಲಿ ಗಿಡ ಹೂ ಬಿಟ್ಟಿತು. ಸಣ್ಣ ಸಣ್ಣವು, ಬಿಳಿಚಿದ ಗುಲಾಬಿ ಬಣ್ಣ. ಅಣ್ಣ ಕೊಡ ಹಿಡಿದು ನಿಂತೇ ಬಿಟ್ಟ. "ಬಣ್ಣ ಯಾಕ ಹೋತು?" ಎಂದು ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಅಂದಳು, "ಅಕಿ ಹೋದ ದುಃಖಕ್ಕ ಬಿಳಿಚೇದಪ್ಪಾ. ಮುತ್ತೈದಿ ಸಾವು, ಪುಣ್ಯವಂತಿ. ಗಿಡಕ್ಕೂ ತಿಳೀತದ." ಅಷ್ಟು ಸಾಕಾಯಿತು. ಪಕ್ಕದ ಮನೆಯ ಅಂಬಕ್ಕ ಬಂದಳು, ಅವಳ ಸೊಸೆಯಂದಿರು ಬಂದರು, ಓಣಿಯ ಮುತ್ತೈದೆಯರೆಲ್ಲ ಅರಿಶಿನ ಕುಂಕುಮ ಹಿಡಿದು ಬಂದರು. ಬೇಲಿ ಗಿಡಕ್ಕೆ ಕುಂಕುಮ ಏರಿತು ವೈನಿ! ನೀನಿದ್ದಿದ್ದರೆ ಬಾವಿಕಟ್ಟೆ ಹಿಡಿದು ನಗುತ್ತಿದ್ದೆ. ನನಗೆ ನಗು ಬರಲಿಲ್ಲ. ಯಾಕೆಂದರೆ ಒಂದು ದಿನ ನಾನು ಬುಡದ ಕಸ ತೆಗೆಯಲು ಬಗ್ಗಿದಾಗ ಅಂಬಕ್ಕ "ಗೋದಕ್ಕಾ, ನೀವು ಮುಟ್ಟಬ್ಯಾಡ್ರೀ ಯವ್ವಾ, ಅದು ಮುತ್ತೈದಿ ಗಿಡ" ಅಂದಳು. ಅವ್ವನೂ ಅಲ್ಲೇ ಇದ್ದಳು. "ಹೌದು ಗೋದಾ, ನೀ ಇನ್ನ ಹಿತ್ತಲಕ್ಕ ಬರಬ್ಯಾಡ. ಬರೋ ಹೋಗೋ ಮುತ್ತೈದೇರಿಗಿ ನೀ ಎದುರಾಗೋದು ಛಲೋ ಅಲ್ಲ" ಅಂದಳು.

ಅವ್ವನ ಮೇಲೆ ನನಗೆ ಎಷ್ಟು ಸಿಟ್ಟು ಬಂತು ಗೊತ್ತೇ? ಆದರೆ ಸಂಜೆ ಅವಳು ತುಳಸಿಯ ಕಡ್ಡಿಯ ಮುಂದೆ ದೀಪ ಇಟ್ಟು, ಏಳದೆ ಅಲ್ಲೇ ಕೂತದ್ದು ಕಂಡೆ. ತುಳಸಿಗೆಂದು ನಿನಗೆ ಹೋಗಿ ಬಾ ಅಂದದ್ದು ಅವಳ ಬಾಯಿ. ಗಿಡ ನಿನಗಾಗಿ ಅತ್ತಿದೆ ಎನ್ನುವುದು ಅವಳಿಗೆ ಬೇಕಾಗಿತ್ತು. ಅದು ಸುಳ್ಳು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಒಳಗೆ ಹೋಗಿ ಕೂತೆ. ನೀನು ಕೊಟ್ಟ ಹಿತ್ತಲಿಗೆ ನನ್ನ ಕಾಲಿಲ್ಲ. ಜಪದ ಮಣಿ, ಕತ್ತಲೆ ಕೋಣೆ, ಹಿಂದಿನ ಹಾಗೆಯೇ. ಸತ್ತಿದ್ದರೆ ನಾನು ಸಾಯಬೇಕಿತ್ತು ಎಂದು ಎಷ್ಟು ಸಲ ಅನಿಸಿತೋ.

ನಿನ್ನ ವರ್ಷದ ತಿಥಿಗೆ ನಿಮ್ಮಪ್ಪನನ್ನು ಕರೆಯಲು ಅಣ್ಣ ಕಮಲಾಪುರಕ್ಕೆ ಹೊರಟ. ನಿಮ್ಮವ್ವನಿಗೆ ಹುಷಾರಿಲ್ಲ, ನೋಡಿ ಬರಲಿ ಎಂದು ನನ್ನನ್ನೂ ಬಂಡಿಯಲ್ಲಿ ಕೂರಿಸಿದರು. ಎರಿ ಮಣ್ಣು ಮುಗಿದು ಕೆಂಪು ನೆಲ ಶುರುವಾದಲ್ಲಿ ಮುತ್ತಲ ಗಿಡಗಳು ಎಲೆಯಿಲ್ಲದೆ ಹೂ ಬಿಟ್ಟಿದ್ದವು. ಅಣ್ಣ ಆ ಕಡೆ ನೋಡಲಿಲ್ಲ. ಮರುದಿನ ಮುಂಜಾನೆ ನಿಮ್ಮ ತೋಟದಲ್ಲಿ ನಿಮ್ಮಪ್ಪ ಕೂತು ಏನೋ ಕತ್ತರಿಸುತ್ತಿದ್ದರು. ಹತ್ತಿರ ಹೋದರೆ ಗುಲಾಬಿ. ಕಡುಕೆಂಪು, ಅದೇ. "ಪಂಚಮಿಗಿ ಬಂದಾಗ ಕಣ್ಣು ತಂದು ಕೂಡಿಸಿ ಹೋಗ್ಯಾಳ್ರಿ. ನಿಮ್ಮ ಮನ್ಯಾಗಿಂದೇ ಕಣ್ಣು" ಅಂದರು. ನೀನು ಇದನ್ನು ನನಗೂ ಹೇಳಿರಲಿಲ್ಲ!

ಅಣ್ಣನ ಕಣ್ಣು ಹೂವಿನ ಮೇಲಿರಲಿಲ್ಲ. ನಿಮ್ಮಪ್ಪ ಕತ್ತರಿಸಿ ಹಾಕಿದ ಕಡ್ಡಿಗಳ ರಾಶಿಯಿಂದ ಒಂದನ್ನು ಎತ್ತಿಕೊಂಡ. ಅದರಲ್ಲೊಂದು ಸಣ್ಣ ಬಿಳಿಚಿದ ಹೂವಿತ್ತು.

"ಇದು ಏನ್ರಿ, ಮಾವ?"

"ಅದು ಬೇಲಿದು ರೀ. ಗಂಟಿನ ಕೆಳಗ ಬರ್ತದ. ಕಡೀಲಿಲ್ಲಂದ್ರ ಮ್ಯಾಲಿಂದಕ್ಕ ಕೊಲ್ತದ."

ಅಣ್ಣ ನನ್ನನ್ನು ನೋಡಿದ. ನಾನು ತಲೆ ತಗ್ಗಿಸಿದೆ. ಅವನು ಆ ಕಡ್ಡಿ ಹಿಡಿದು ಬಾಳೆಯ ಸಾಲಿನಲ್ಲಿ ಹೋಗಿ ಕೂತ. ಊಟಕ್ಕೂ ಬರಲಿಲ್ಲ. ನಿನ್ನನ್ನು ಒಯ್ದ ಸುದ್ದಿ ಕೇಳಿದಾಗಲೂ ಅಳದವನು ಆವತ್ತು ಅತ್ತ, ನಿಮ್ಮ ಮನೆಯವರಿಗೆಲ್ಲ ಕೇಳಿಸಿತು. ಹೊರಡುವಾಗ ನಿಮ್ಮಪ್ಪ ಬಾಳೆಪಟ್ಟೆಯಲ್ಲಿ ಸುತ್ತಿದ ಕೆಂಪು ಗುಲಾಬಿಯ ಕಡ್ಡಿಗಳನ್ನು ನನ್ನ ಮಡಿಲಿಗೆ ಹಾಕಿದರು. ದಾರಿಯುದ್ದಕ್ಕೂ ಅಣ್ಣ ಅದಕ್ಕೆ ನೀರು ಚಿಮುಕಿಸಿದ.

ಮನೆಗೆ ಬಂದ ಮರುದಿನ ಹಿತ್ತಲಲ್ಲಿ ಅವ್ವ, ಅಂಬಕ್ಕ ಎಲ್ಲ ಇದ್ದರು. ಅಣ್ಣ ನಿನ್ನ ಚೂರಿ ತಂದು ನನ್ನ ಕೈಗೆ ಕೊಟ್ಟ. "ಕಡಿ ಗೋದಾ." ಅವ್ವ ಅಡ್ಡ ಬಂದಳು. "ಹುಚ್ಚ ಹಿಡದದೇನು ನಿನಗ? ಮುತ್ತೈದಿ ಗಿಡಕ್ಕ ಇಕಿ ಕೈ ಹಚ್ಚಿಸ್ತಿ?"

"ಅವ್ವಾ, ಗಿಡ ಅತ್ತಿಲ್ಲ. ಸತ್ತದ. ನೀರು ಹಾಕಿ ಹಾಕಿ ನಾನೇ ಸಾಯಿಸೀನಿ. ಅಕಿ ಈ ವಿದ್ಯಾ ಕಲಿಸಿದ್ದು ಗೋದಾಗ ಒಬ್ಬಾಕಿಗೇ. ಸರಿ ಆಕಡೆ."

ಅವ್ವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಬಗ್ಗಿ ಕೆಲಸಕ್ಕೆ ಹತ್ತಿದೆ. ಸತ್ತ ಕಡ್ಡಿ ತೆಗೆದೆ. ಗಟ್ಟಿ ಕಾಂಡ ಎರಡು ಉಳಿಸಿ ಮಿಕ್ಕಿದ್ದೆಲ್ಲ ಕಡಿದೆ. ತೊಗಟೆ ಸೀಳಿ ಕಣ್ಣು ಸರಿಸಿ ಬಾಳೆಯ ನಾರು ಸುತ್ತಿದೆ. ನಿನ್ನ ಹಾಗೆ ಕೈ ಓಡಲಿಲ್ಲ, ಬೆರಳು ಕುಯ್ದುಕೊಂಡೆ. ಕಡಿಯುತ್ತಿದ್ದಾಗ ಆ ಬಿಳಿಚಿದ ಹೂಗಳೆಲ್ಲ ನನ್ನ ಸೆರಗಿನೊಳಗೆ ಉದುರಿದ್ದವು. ಏಳುವಾಗ ನೋಡಿದರೆ ಉಡಿ ತುಂಬ ಹೂ. ನನ್ನ ಉಡಿಯಲ್ಲಿ, ವೈನಿ. ಅಂಬಕ್ಕ ಮುಖ ತಿರುಗಿಸಿಕೊಂಡು ಹೊರಟು ಹೋದಳು. ಅವ್ವ ನೋಡಿದಳು, ಒಳಗೆ ನಡೆದಳು. ಆ ಹೂಗಳನ್ನು ನಾನು ತುಳಸಿಯ ಬುಡಕ್ಕೆ ಸುರಿದೆ.

ಅಂದಿನಿಂದ ಅವ್ವ ನನ್ನ ಸಂಗಡ ಮಾತಾಡಿಲ್ಲ. ನಿನ್ನ ತಿಥಿಯ ಅಡಿಗೆಯನ್ನೂ ಮಾತಿಲ್ಲದೆ ಇಬ್ಬರೂ ಮಾಡಿದೆವು. ಗೋದಕ್ಕನ ಕೈ ಸೋಕಿ ಮುತ್ತೈದೆ ಗಿಡ ಸುಟ್ಟು ಹೋಯಿತು ಎಂದು ಓಣಿಯಲ್ಲಿ ಆಡಿಕೊಳ್ಳುತ್ತಿದ್ದಾರೆ. ಕಣ್ಣು ಹತ್ತಿಕೊಳ್ಳದಿದ್ದರೆ ಆ ಮಾತೇ ಕಾಯಂ ಆಗುತ್ತದೆ, ನಾನು ಮತ್ತೆ ಒಳಗಿನ ಕೋಣೆಗೆ. ಅಣ್ಣ ಎಷ್ಟು ದಿನ ಅಡ್ಡ ನಿಂತಾನು? ಈ ಬಿಸಿಲೊಂದು ಬೇರೆ. ಗಿಡಕ್ಕೆ ನನ್ನ ಹಳೆಯ ಸೀರೆಯ ನೆರಳು ಕಟ್ಟಿದ್ದೇನೆ.

ಒಂದು ಕಾಂಡದ ಕಣ್ಣು ಕಪ್ಪಾಗಿ ಉದುರಿತು. ನಿನಗೆ ಸುಳ್ಳು ಹೇಳಿ ಏನು? ಇನ್ನೊಂದರದು ಇವತ್ತು ಮುಂಜಾನೆ ನಾರು ಸಡಿಲಿಸಿ ನೋಡಿದೆ, ಹಸಿರಿದೆ. ಉಬ್ಬಿದೆ ಎಂದು ಅಣ್ಣ ಅನ್ನುತ್ತಾನೆ, ನನಗೆ ಹಾಗೆ ಕಾಣಲಿಲ್ಲ. ಅಷ್ಟೇ ಸುದ್ದಿ. ನಿನ್ನ ಸೋರೆ ಬುರುಡೆಯ ಬೀಜವನ್ನೂ ಮಡಕೆಗೆ ಹಾಕಿದ್ದೇನೆ, ಈ ಸಲ ಬಿಡಿಬಿಡಿಯಾಗಿ. ದವನ ಏಳಲಿಲ್ಲ. ಚೆಂಡು ಹೂವಿನದು ಎದ್ದಿದೆ.

ಆ ಕಣ್ಣು ಬದುಕಿದರೆ, ಮೊದಲ ಕೆಂಪು ಹೂವು ದೇವರಿಗೆ ಕೊಡುವುದಿಲ್ಲ, ಅಂಬಕ್ಕನಿಗೂ ಕೊಡುವುದಿಲ್ಲ. ಕಿವಿಯ ಮೇಲೆ ಸಿಕ್ಕಿಸಿಕೊಂಡು ಅವ್ವನ ಎದುರಿಗೇ ಹೋಗಿ ನಿಲ್ಲುತ್ತೇನೆ. ಊಟ ಹಾಕದಿದ್ದರೆ ಬೇಡ. ನಮ್ಮಿಬ್ಬರಿಗೂ ಅದು ಹೊಸದಲ್ಲವಲ್ಲ.

ನಿನ್ನ
ಗೋದಾ